ಶ್ರಾವಣ ಮುಗಿದ ಮರುದಿನ



ಕಳೆದ ವರ್ಷ ಒಂದು ಊರಿನಲ್ಲಿ ಶ್ರಾವಣ ಪ್ರವಚನದ ಮಂಗಲ ನಡೆದಿತ್ತು. ಪ್ರಸಾದ ಮುಗಿಸಿ ಜನ ಚದುರುವ ಹೊತ್ತಿಗೆ ತಾಯಿಯೊಬ್ಬರು ಪೂಜ್ಯರ ಮುಂದೆ ಬಂದು ನಿಂತರು. "ಅಪ್ಪಾರ, ಶ್ರಾವಣಾ ಇನ್ನೊಂದ್ ತಿಂಗ್ಳ ಮುಂದುವರ್ಸಾಕ ಬರೂದಿಲ್ಲೇನ್ರೀ?" ಎಂದು ಕೇಳಿದರು. ಸುತ್ತ ಇದ್ದವರು ನಕ್ಕರು. ಆ ತಾಯಿ ನಗಲಿಲ್ಲ. ಅವರ ಯಜಮಾನರು ಶ್ರಾವಣದಲ್ಲಿ ಕುಡಿಯುವುದಿಲ್ಲ. ಕೂಲಿಯ ಹಣ ಪೂರ್ತಿಯಾಗಿ ಮನೆಗೆ ಬರುವುದು, ಮಕ್ಕಳು ಬಾಗಿಲ ಸದ್ದಿಗೆ ಬೆಚ್ಚದೆ ಮಲಗುವುದು ಆ ಒಂದು ತಿಂಗಳು ಮಾತ್ರ. ಅಮಾವಾಸ್ಯೆ ಕಳೆದರೆ ಏನಾಗುತ್ತದೆಂಬುದು ಅವರಿಗೆ ಗೊತ್ತಿತ್ತು.

ಇದು ಒಂದು ಮನೆಯ ಕಥೆಯಲ್ಲ. ಶ್ರಾವಣ ಬಂತೆಂದು ಕುಡಿತ ಬಿಡುವವರು ಪ್ರತಿ ಊರಿನಲ್ಲೂ ಇದ್ದಾರೆ. ತಿಂಗಳು ಕಳೆದ ಮರುದಿನ ಅವರಲ್ಲಿ ಎಷ್ಟೋ ಜನ ಹಳೆಯ ಬಾಕಿಯನ್ನೆಲ್ಲ ಒಂದೇ ಸಂಜೆ ತೀರಿಸುವವರಂತೆ ಅಂಗಡಿಯ ಮುಂದೆ ನಿಲ್ಲುತ್ತಾರೆ.

ಇದನ್ನು ಕಂಡು ನಮ್ಮಲ್ಲಿ ಕೆಲವರು ಹಂಗಿಸುತ್ತಾರೆ. ದಿನ, ವಾರ, ತಿಥಿಗಳಲ್ಲಿ ಮೇಲು ಕೀಳು ಇಲ್ಲವೆಂದು ಸಾರಿದವರು ಬಸವಾದಿ ಶರಣರು. ಹಾಗಿರುವಾಗ ಶ್ರಾವಣದಲ್ಲಿ ತಪ್ಪಾದದ್ದು ಭಾದ್ರಪದದಲ್ಲಿ ಸರಿಯಾಗುವುದು ಹೇಗೆ? ಇಷ್ಟಲಿಂಗ ಹನ್ನೆರಡು ತಿಂಗಳೂ ಎದೆಯ ಮೇಲೆಯೇ ಇರುತ್ತದಲ್ಲವೇ? ಪ್ರಶ್ನೆ ಸರಿಯಾದದ್ದೇ. ಆದರೆ ಪ್ರಶ್ನೆ ಕೇಳಿ ಸುಮ್ಮನಾದರೆ ಆ ತಾಯಿಗೆ ಏನು ದೊರೆಯಿತು?

ಒಂದು ತಿಂಗಳ ಬಿಡುವು ಸಣ್ಣದಲ್ಲ. ಕುಡಿತದಿಂದ ಕೊಬ್ಬು ತುಂಬಿದ ಯಕೃತ್ತು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳತೊಡಗುತ್ತದೆ. ನಿದ್ದೆ ಸುಧಾರಿಸುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಬ್ರಿಟನ್ನಿನಲ್ಲಿ 2013ರಿಂದ ಜನವರಿ ತಿಂಗಳು ಪೂರ್ತಿ ಕುಡಿಯದಿರುವ ಅಭಿಯಾನ ನಡೆದಿದೆ. ಅದರಲ್ಲಿ ಪಾಲ್ಗೊಂಡವರನ್ನು ಆರು ತಿಂಗಳ ನಂತರ ವಿಚಾರಿಸಿದಾಗ, ಸರಾಸರಿಯಲ್ಲಿ ಅವರ ಕುಡಿತ ಮೊದಲಿಗಿಂತ ಕಡಿಮೆಯಾಗಿತ್ತು. ಇದೆಲ್ಲಕ್ಕಿಂತ ದೊಡ್ಡ ಲಾಭ ಬೇರೆ ಇದೆ. 'ನನ್ನಿಂದ ಆಗದು' ಎನ್ನುತ್ತಿದ್ದವನಿಗೆ 'ಮೂವತ್ತು ದಿನ ಆಯಿತಲ್ಲ' ಎಂಬ ಅರಿವು ಮೂಡುತ್ತದೆ. ಮೂವತ್ತು ದಿನ ಆಗದೇ ಹೋದರೂ, ಕುಡಿತ ತನ್ನ ಕೈಯಲ್ಲಿಲ್ಲ, ತಾನೇ ಅದರ ಕೈಯಲ್ಲಿದ್ದೇನೆ ಎಂಬ ಸತ್ಯ ಕಾಣುತ್ತದೆ. ಎರಡೂ ಅರಿವೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬಹುಕಾಲದಿಂದ ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸುವುದು ಅಪಾಯ. ಕೈ ನಡುಗುತ್ತದೆ, ಬೆವರು ಸುರಿಯುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ, ಇಲ್ಲದ ಮಾತು ಕೇಳಿಸಿ, ಜೀವಕ್ಕೇ ಸಂಚಕಾರ ಬರಬಹುದು. ಇದನ್ನು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುವವರು ಈಗಲೂ ಇದ್ದಾರೆ. ಇದು ಗಾಳಿಯಲ್ಲ, ರೋಗ. ಅಂಥವರಿಗೆ ಪ್ರತಿಜ್ಞೆ ಬೋಧಿಸುವ ಮೊದಲು ವೈದ್ಯರ ಬಳಿ ಕರೆದೊಯ್ಯಬೇಕು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣ ಕೊಡದೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪ್ರತಿ ಮಠದ ಗೋಡೆಯ ಮೇಲೆ ಈ ಸಂಖ್ಯೆ ಇರಲಿ.

ಇನ್ನು ನಮ್ಮ ಹೊಣೆಯ ಮಾತು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಬೇಡಿದ್ದು ಕಾಳಲ್ಲ, ಕಾಸಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜೋಳಿಗೆಗೆ ಹಾಕಿದ್ದನ್ನು ಯಾರೂ ಮರಳಿ ಕೇಳುವುದಿಲ್ಲ. ಆದರೆ ಶ್ರಾವಣದಲ್ಲಿ ನಾವು ಕುಡಿತವನ್ನು ಮಠದಲ್ಲಿ ಒತ್ತೆ ಇಡುತ್ತೇವೆ, ತಿಂಗಳು ಮುಗಿದೊಡನೆ ಬಿಡಿಸಿಕೊಂಡು ಹೋಗುತ್ತೇವೆ. ಒತ್ತೆ ಇಟ್ಟದ್ದು ಜೋಳಿಗೆಯ ಪಾಲಾಗುವಂತೆ ಮಾಡುವುದು ಆ ಒಬ್ಬನಿಂದಲೇ ಆಗುವ ಕೆಲಸವಲ್ಲ.

ಮಠಗಳು ತಿಂಗಳಿಡೀ ಪ್ರವಚನ ನಡೆಸಿ, ಮಂಗಲ ಮಾಡಿ, ಪೆಂಡಾಲು ಬಿಚ್ಚಿಸುತ್ತವೆ. ಬಿಟ್ಟವನಿಗೆ ಆಸರೆ ಬೇಕಾಗುವುದು ಸರಿಯಾಗಿ ಅಂದೇ. ಆದ್ದರಿಂದ ಈ ಸಲ ಮಂಗಲದ ಮರುದಿನ ಸಂಜೆ, ಕುಡಿಯುವ ಹೊತ್ತಿಗೇ, ಮಠದಲ್ಲಿ ಒಂದು ಸಣ್ಣ ಅನುಭಾವ ಗೋಷ್ಠಿ ಸೇರಲಿ. ತಿಂಗಳು ಬಿಟ್ಟವರನ್ನು ಹೆಸರು ಹಿಡಿದು ಕರೆಯಿರಿ. ಜೀವಮಾನದ ಆಣೆ ಬೇಡ. ಮುಂದಿನ ಅಮಾವಾಸ್ಯೆಯವರೆಗೆ ಎಂದರೆ ಸಾಕು. ಆಮೇಲೆ ಮತ್ತೊಂದು ಅಮಾವಾಸ್ಯೆ. ಹಿಂದೆ ಕುಡಿದು ಬಿಟ್ಟವರೊಬ್ಬರು ಜೊತೆಗಿರಲಿ. ಮನೆಯ ಹೆಣ್ಣುಮಕ್ಕಳೂ ಕೂತು ಮಾತನಾಡಲಿ.

ನಡುವೆ ಯಾರಾದರೂ ಜಾರಿದರೆ ಬಾಗಿಲು ಮುಚ್ಚಬೇಡಿ. ಹೆಂಡದ ಮಾರಯ್ಯ ಎಂಬ ಶರಣನ ಹೆಸರಿನಲ್ಲೇ ಹೆಂಡವಿದೆ. ಆತನನ್ನು ಶರಣರು ದೂರವಿಡಲಿಲ್ಲ. ಧರ್ಮೇಶ್ವರಲಿಂಗ ಅಂಕಿತದ ಆತನ ವಚನಗಳು ಇಂದಿಗೂ ನಮ್ಮ ಜೊತೆಗಿವೆ. ಅದೇ ಹೊತ್ತಿಗೆ ನಮ್ಮನ್ನು ನಾವೂ ಕೇಳಿಕೊಳ್ಳೋಣ. ಮಗನ ಮದುವೆಯ ಹಿಂದಿನ ರಾತ್ರಿ ಬಾಟಲಿ ಹಂಚುವ ಭಕ್ತರಿಗೆ, ಮದ್ಯದಂಗಡಿಯ ಲಾಭದಲ್ಲಿ ದಾಸೋಹದ ಕಾಣಿಕೆ ಸಲ್ಲಿಸುವವರಿಗೆ ವೇದಿಕೆಯ ಮೇಲೆ ಶಾಲು ಹೊದಿಸಿ, ಕೂಲಿಯವನಿಗೆ ಮಾತ್ರ ನೀತಿ ಹೇಳಿದರೆ ಆ ಮಾತಿಗೆ ತೂಕವಿರುವುದಿಲ್ಲ. ಕಾಯಕ ಶುದ್ಧವಾಗಿಲ್ಲದೆ ದಾಸೋಹ ಶುದ್ಧವಾಗದು.

ಪಂಚಾಂಗದ ಶ್ರಾವಣವನ್ನು ಮುಂದುವರಿಸುವುದು ಯಾರಿಂದಲೂ ಆಗದು. ಆದರೆ ಆ ತಾಯಿ ಕೇಳಿದ್ದು ಪಂಚಾಂಗವನ್ನಲ್ಲ, ಇನ್ನೊಂದು ತಿಂಗಳ ನೆಮ್ಮದಿಯನ್ನು. ಅದನ್ನು ಕೊಡುವುದು ನಮ್ಮಿಂದ ಆಗುತ್ತದೆ. ಮಂಗಲದ ಮರುದಿನ ಸಂಜೆ ಮಠದ ಬಾಗಿಲು ತೆರೆದಿರಲಿ.