ಊರೂರಿಗೂ ಸಲ್ಲುವ ಗುಂಡಿ

ಗುಂಡಿ ಎಂದೊಡನೆ ವಾಚಕರು ಮಳೆಗಾಲದ ಬೀದಿಯನ್ನು ನೆನೆದು ಹೌಹಾರಬೇಕಾಗಿಲ್ಲ. ಹೇಳಹೊರಟಿರುವುದು ಗಣಕಯಂತ್ರದ ಪರದೆಯ ಮೇಲಿನ ಗುಂಡಿಯ ವಿಷಯ. ಒತ್ತುವ ಪುಟ್ಟ ಚೌಕ, ಹೆಸರು ಬರೆಯುವ ಖಾಲಿ ಜಾಗ, ಗುರುತು ಹಾಕುವ ಮನೆ, ಜಾರುವ ಪಟ್ಟಿ, ಇವಕ್ಕೆಲ್ಲ ಆ ಕಸುಬಿನವರು ಇಟ್ಟಿರುವ ಹೆಸರು ವಿಜೆಟ್. ಒತ್ತಿದರೆ ಕೆಲಸವಾಗುತ್ತದೆ; ಅದರ ಹಿಂದೆ ಒಂದು ದೊಡ್ಡ ಜಿಜ್ಞಾಸೆ ನಡೆದಿದೆಯೆಂದು ಎಣಿಸುವವರು ವಿರಳ.

ಜಿಜ್ಞಾಸೆ ಇಷ್ಟೇ. ವಿಂಡೋಸ್, ಮೆಕಿಂಟಾಷ್, ಯೂನಿಕ್ಸ್ ಎಂದು ಗಣಕಯಂತ್ರಗಳಲ್ಲಿ ಹಲವು ಮನೆತನಗಳುಂಟು. ಒಂದೊಂದಕ್ಕೂ ಒಂದೊಂದು ಸಂಪ್ರದಾಯ. ಮೆಕಿಂಟಾಷಿನಲ್ಲಿ ಮೆನು ಪಟ್ಟಿ ಪರದೆಯ ನೆತ್ತಿಯ ಮೇಲೆ. ವಿಂಡೋಸಿನಲ್ಲಿ ಸಾಮಾನ್ಯವಾಗಿ ಆಯಾ ಕಿಟಕಿಯೊಳಗೆ. ವಿಂಡೋಸಿನಲ್ಲಿ ‘ಸರಿ’ ಎಂಬ ಗುಂಡಿ ಎಡಕ್ಕೆ, ‘ಬೇಡ’ ಎಂಬುದು ಬಲಕ್ಕೆ, ಮೆಕಿಂಟಾಷಿನಲ್ಲಿ ತಿರುಗುಮುರುಗು. ಕೈಗೆ ಒಂದು ರೂಢಿಯಾದ ಮೇಲೆ ಇನ್ನೊಂದು ಎದುರಾದರೆ, ಬೇಡವೆನ್ನಬೇಕಾದವನು ಸರಿಯೆಂದು ಒತ್ತಿ ಕುಳಿತಿರುತ್ತಾನೆ! ಹೀಗಿರುವಾಗ, ಒಂದೇ ಸಲ ಬರೆದ ಪ್ರೋಗ್ರಾಂ ಎಲ್ಲ ಮನೆಗಳಲ್ಲಿಯೂ ಮನೆಯವನಂತೆಯೇ ನಡೆದುಕೊಳ್ಳುವುದು ಹೇಗೆ?

1995ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಜಾವಾ ಎಂಬ ಭಾಷೆಯನ್ನು ಲೋಕದ ಮುಂದಿಟ್ಟಿತು. ಅದರ ಮುಖ್ಯ ಶಿಲ್ಪಿ ಜೇಮ್ಸ್ ಗಾಸ್ಲಿಂಗ್. ‘ಒಮ್ಮೆ ಬರೆ, ಎಲ್ಲೆಲ್ಲಿಯೂ ಓಡಿಸು’ ಎಂಬುದು ಸಂಸ್ಥೆಯ ಘೋಷಣೆ. ಮರುವರ್ಷದ ಜನವರಿಯಲ್ಲಿ ಮೊದಲ ಆವೃತ್ತಿ ಹೊರಬಿದ್ದಾಗ, ಅದರೊಡನೆ ಎ.ಡಬ್ಲ್ಯು.ಟಿ. ಎಂಬ ವಿಜೆಟ್ಟುಗಳ ಕಟ್ಟೂ ಬಂದಿತು. ಇದರ ಉಪಾಯವು ಬರಿಗೈಯಲ್ಲಿ ಬಂದ ನೆಂಟನದು: ಹೋದ ಮನೆಯಲ್ಲಿ ಏನಿದೆಯೋ ಅದನ್ನೇ ಕೇಳಿ ಪಡೆಯುವುದು. ಜಾವಾ ‘ಒಂದು ಗುಂಡಿ’ ಎಂದರೆ ವಿಂಡೋಸ್ ತನ್ನ ಗುಂಡಿಯನ್ನು ಕೊಡುವುದು, ಮೆಕಿಂಟಾಷ್ ತನ್ನದನ್ನು ಕೊಡುವುದು. ಸಂಪ್ರದಾಯಕ್ಕೆ ಭಂಗವಿಲ್ಲ. ಆದರೆ ಎಲ್ಲ ಮನೆಗಳಲ್ಲಿಯೂ ಇರುವ ಸಾಮಾನನ್ನು ಮಾತ್ರ ಕೇಳಬಹುದು. ಒಬ್ಬರಲ್ಲಿಲ್ಲದಿದ್ದರೂ ಆಸೆ ಬಿಡಬೇಕು. ಲೆಕ್ಕದ ಕೋಷ್ಟಕ, ವಂಶವೃಕ್ಷದಂತೆ ಕವಲೊಡೆಯುವ ಪಟ್ಟಿ, ಇವಾವುವೂ ಆ ಕಟ್ಟಿನಲ್ಲಿರಲಿಲ್ಲ. ಅಳತೆಗಳೂ ಮನೆಮನೆಗೆ ಬೇರೆ. ಆದಕಾರಣ ಒಂದೆಡೆ ಅಂದವಾಗಿ ಕುಳಿತದ್ದು ಇನ್ನೊಂದೆಡೆ ಅಡ್ಡಾದಿಡ್ಡಿ.

ಬೇಸತ್ತ ನಿರ್ಮಾಪಕರು ಎರಡನೆಯ ದಾರಿ ಹಿಡಿದರು. 1997ರ ಏಪ್ರಿಲಿನಲ್ಲಿ ಸನ್ ಮತ್ತು ನೆಟ್‌ಸ್ಕೇಪ್ ಸಂಸ್ಥೆಗಳು ಕೂಡಿ ಕೆಲಸ ಮಾಡುವುದಾಗಿ ಪ್ರಕಟಿಸಿದುವು. ಅದರ ಫಲವೇ ಸ್ವಿಂಗ್. 1998ರ ಡಿಸೆಂಬರಿನಲ್ಲಿ ಜಾವಾದ 1.2ನೆಯ ಆವೃತ್ತಿಯೊಡನೆ ಬಂದಿತು. ಇದು ಬುತ್ತಿ ಕಟ್ಟಿಕೊಂಡು ಬರುವ ಪ್ರವಾಸಿ. ಆತಿಥೇಯನಿಂದ ಕೇಳುವುದು ಬರಿಯ ಒಂದು ಕಿಟಕಿ. ಅದರೊಳಗಣ ಗುಂಡಿ, ಪಟ್ಟಿ, ಕೋಷ್ಟಕಗಳನ್ನೆಲ್ಲ ತಾನೇ ಬಣ್ಣದಿಂದ ಬರೆದುಕೊಳ್ಳುತ್ತದೆ.

ವಸ್ತುಪ್ರಧಾನ ಭಾಷೆಯ ಸೊಗಸು ಕಾಣುವುದು ಇಲ್ಲಿಯೇ. ಇಲ್ಲಿ ಪ್ರತಿಯೊಂದು ವಿಜೆಟ್ಟೂ ತನ್ನ ಗುಣ, ತನ್ನ ನಡತೆಗಳನ್ನು ಹೊತ್ತ ಒಂದು ವಸ್ತು. ಹಿರಿಯರ ಆಸ್ತಿ ಕಿರಿಯರಿಗೆ ಬರುತ್ತದೆ. ಸ್ವಿಂಗಿನ ಗುಂಡಿಗೂ ಪ್ರವರವುಂಟು: ಮೂಲಪುರುಷ ಕಾಂಪೊನೆಂಟ್, ಅವನ ಸಂತತಿಯಲ್ಲಿ ಜೆಕಾಂಪೊನೆಂಟ್, ಅವನಿಂದ ಅಬ್‌ಸ್ಟ್ರಾಕ್ಟ್‌ಬಟನ್, ಅವನ ಮಗ ಜೆಬಟನ್. ಗುರುತು ಹಾಕುವ ಮನೆಯೂ ಅಬ್‌ಸ್ಟ್ರಾಕ್ಟ್‌ಬಟನ್‌ನ ವಂಶದ್ದೇ. ಒತ್ತಿಸಿಕೊಳ್ಳುವ ವಿದ್ಯೆಯನ್ನು ತಾತ ಕಲಿತಿದ್ದರೆ ಮೊಮ್ಮಗನಿಗೆ ಪಾಠ ಬೇಕಾಗಿಲ್ಲ. ವೇಷವನ್ನು ಮಾತ್ರ ಬೇರೆಯಾಗಿಟ್ಟಿರುವುದರಿಂದ, ಒಳಗಿನ ನಡತೆಯನ್ನು ಮುಟ್ಟದೆಯೇ ವಿಂಡೋಸಿನ ಉಡುಪನ್ನೋ ‘ಮೆಟಲ್’ ಎಂಬ ತನ್ನದೇ ಉಡುಪನ್ನೋ ತೊಡಿಸಬಹುದು.

ಹಾಗಾದರೆ ಕಥೆ ಸುಖಾಂತವೇ? ಅಲ್ಲಿಯೇ ಒಂದು ಕೊಕ್ಕೆಯಿದೆ. ಕಣ್ಣು ಕಾಣದವರು ಗಣಕಯಂತ್ರವನ್ನು ಬಳಸುವುದು, ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ. ಮನೆಯವರ ಗುಂಡಿಯಾದರೆ ಆ ತಂತ್ರಾಂಶಕ್ಕೆ ಅದರ ಪರಿಚಯವುಂಟು. ‘ಇದು ಗುಂಡಿ, ಇದರ ಹೆಸರು ಇಂತಹುದು’ ಎಂದು ಹೇಳುತ್ತದೆ. ತಾನೇ ಬರೆದುಕೊಂಡ ಗುಂಡಿಯು ಅದರ ಪಾಲಿಗೆ ಬರಿಯ ಬಣ್ಣದ ಚುಕ್ಕೆಗಳ ರಾಶಿ. ಸ್ವಿಂಗನ್ನು ಕಟ್ಟಿದವರು ಇದನ್ನು ಮರೆತಿರಲಿಲ್ಲ. ವಿಜೆಟ್ಟು ತನ್ನ ಹೆಸರನ್ನೂ ಸ್ಥಿತಿಯನ್ನೂ ತಿಳಿಸುವ ಏರ್ಪಾಡನ್ನು ಜೊತೆಯಲ್ಲಿಯೇ ಇಟ್ಟರು. ಆದರೆ ವಿಂಡೋಸಿನಲ್ಲಿ ಆ ಮಾತು ಓದುವ ತಂತ್ರಾಂಶಕ್ಕೆ ಮುಟ್ಟಲು ‘ಆಕ್ಸೆಸ್ ಬ್ರಿಡ್ಜ್’ ಎಂಬ ಸೇತುವೆಯನ್ನು ಪ್ರತ್ಯೇಕವಾಗಿ ತಂದು ಹಾಕಿಕೊಳ್ಳಬೇಕಾಗಿತ್ತು. ಅದು ಜಾವಾದೊಡನೆಯೇ ಬರತೊಡಗಿದುದು 2012ರಲ್ಲಿ. ಅಷ್ಟು ವರ್ಷಗಳ ಕಾಲ ಸೇತುವೆಯ ಸುದ್ದಿ ತಿಳಿಯದವನ ಪಾಲಿಗೆ ಆ ಗುಂಡಿ ಇದ್ದೂ ಇಲ್ಲದಂತೆಯೇ.

ನಮ್ಮ ನುಡಿಗೂ ಇದೇ ಮಾತು. ಯೂನಿಕೋಡ್ ಸಂಕೇತಮಾಲೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ. ಆದರೆ ‘ಸ್ತ್ರೀ’ ಎಂಬ ಒಂದೇ ಅಕ್ಷರವು ಯಂತ್ರದೊಳಗೆ 6 ಸಂಕೇತಗಳ ಸಾಲು. ಅವನ್ನು ಕೂಡಿಸಿ, ಒತ್ತನ್ನು ಕೆಳಗಿಟ್ಟು, ದೀರ್ಘವನ್ನು ಸೇರಿಸಿ ತೋರಿಸುವ ಹೊಣೆಯೂ ಬುತ್ತಿ ಕಟ್ಟಿಕೊಂಡು ಹೊರಟವನದೇ. ಆ ವಿದ್ಯೆಯನ್ನು ಅವನು ಕಲಿಯದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಉದುರಿ ಬೀಳುವುವು.

ಮೂರನೆಯ ದಾರಿಯೂ ಉಂಟು. ಐ.ಬಿ.ಎಂ. ಸಂಸ್ಥೆಯು ರೂಪಿಸಿ, 2001ರಲ್ಲಿ ಎಕ್ಲಿಪ್ಸ್ ಎಂಬ ಉಪಕರಣದೊಡನೆ ಸಾರ್ವಜನಿಕರಿಗೆ ಒಪ್ಪಿಸಿದ ಎಸ್.ಡಬ್ಲ್ಯು.ಟಿ., ಇದ್ದ ಸಾಮಾನನ್ನು ಮನೆಯವರಿಂದಲೇ ಪಡೆದು, ಇಲ್ಲದುದನ್ನು ಮಾತ್ರ ತಾನು ಕಟ್ಟಿಕೊಳ್ಳುತ್ತದೆ. ಅದಕ್ಕೂ ಬೆಲೆಯಿದೆ: ಒಂದೊಂದು ಮನೆಗೂ ಒಂದೊಂದು ಕಟ್ಟನ್ನು ಬೇರೆಯಾಗಿ ಸಿದ್ಧಪಡಿಸಿಡಬೇಕು.

ಯಾವ ದಾರಿ ಲೇಸು ಎಂಬ ವಾದ ಆ ಕಸುಬಿನವರಲ್ಲಿ ಇಂದಿಗೂ ಮುಗಿದಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಯಾವ ಮನೆಯ ಹಂಗೂ ಬೇಡವೆಂದವನ ಮೇಲೆ, ಆ ಮನೆ ಸದ್ದಿಲ್ಲದೆ ಸಲ್ಲಿಸುತ್ತಿದ್ದ ಸೇವೆಗಳೆಲ್ಲದರ ಹೊಣೆಯೂ ಬೀಳುತ್ತದೆ. ಗುಂಡಿಯ ಚಿತ್ರ ಬರೆಯುವುದು ಅರ್ಧ ಕೆಲಸ. ಕಾಣದವರಿಗೂ ಅದು ಓಗೊಡುವಂತೆ ಮಾಡುವುದು ಉಳಿದರ್ಧ.