ಏರಿಸಲು ಯಾವ ಭಾಷೆಯಾದರೂ ಸಾಕು, ಇಳಿಸಲು ಕನ್ನಡವೇ ಬೇಕು!

ಕನ್ನಡದ ತರುಣರೇ,

ಭಾರತದಲ್ಲಿ ವಿಮಾನದ ಊರು ಯಾವುದು ಎಂದು ಕೇಳಿದರೆ ಎದೆಯುಬ್ಬಿಸಿ ಬೆಂಗಳೂರು ಎನ್ನುತ್ತೀರಿ. ಸರಿಯಾಗಿಯೇ ಹೇಳುತ್ತೀರಿ. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹಾಕಿದ್ದು ಈ ಊರಿನಲ್ಲಿ. 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಶಾಸ್ತ್ರದ ವಿಭಾಗ ಶುರುವಾದದ್ದು ಇಲ್ಲೇ. 1951ರಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ಮೊದಲು ಹಾರಿದ್ದು ಇಲ್ಲಿಯ ಆಕಾಶದಲ್ಲಿ. 1996ರಿಂದ ಯಲಹಂಕದಲ್ಲಿ ಏರೋ ಇಂಡಿಯಾ. ಮುಂದೆ ತೇಜಸ್ ಎಂದು ಹೆಸರಾದ ಯುದ್ಧ ವಿಮಾನ 2001ರ ಜನವರಿ 4ರಂದು ಮೊದಲ ಸಲ ಏರಿ ಕ್ಷೇಮವಾಗಿ ಇಳಿದದ್ದೂ ಇದೇ ನೆಲದ ಮೇಲೆ.

ಸಂತೋಷ. ಈಗ ಅವೆನ್ಯೂ ರಸ್ತೆಗೆ ಹೋಗಿ, ರೇಡಿಯೋ ಕಂಟ್ರೋಲಿನ ಮಾದರಿ ವಿಮಾನವನ್ನು ನೆಲಕ್ಕಿಳಿಸುವುದು ಹೇಗೆ ಎಂದು ಹೇಳುವ ಒಂದು ಕನ್ನಡ ಪುಸ್ತಕ ಕೇಳಿ. ಅಂಗಡಿಯವನು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. ವಿಮಾನದ ಪೆಟ್ಟಿಗೆ ಬಿಚ್ಚಿ. ಸೂಚನೆಯ ಹಾಳೆ ಇಂಗ್ಲಿಷಿನಲ್ಲಿದೆ, ಚೀನೀ ಭಾಷೆಯಲ್ಲಿದೆ. ಹಾರಿಸುವ ಮೈದಾನಕ್ಕೆ ಹೋಗಿ. ಕಲಿಯುವ ಹುಡುಗ ಯಶವಂತಪುರದವನು, ಕಲಿಸುವವರು ಬಸವನಗುಡಿಯವರು, ಇಬ್ಬರ ಮನೆಯಲ್ಲೂ ಕನ್ನಡ. ಪಾಠ ಮಾತ್ರ ಇಂಗ್ಲಿಷ್! ಇದು ಯಾವ ಸೀಮೆಯ ನ್ಯಾಯ?

‘ಅಯ್ಯೋ, ಅದು ದುಡ್ಡಿರುವವರ ಮಕ್ಕಳ ಆಟ, ಅದಕ್ಕೂ ಕನ್ನಡಕ್ಕೂ ಏನು ಸಂಬಂಧ?’ ಎನ್ನುವವರಿದ್ದಾರೆ. ಆಟವೆಂದು ಬಿಟ್ಟುಕೊಟ್ಟದ್ದೆಲ್ಲ ನಾಳೆ ಅನ್ನವಾಗುತ್ತದೆ. ಹೊಲಕ್ಕೆ ಔಷಧಿ ಹೊಡೆಯುವುದು, ಜಮೀನು ಅಳೆಯುವುದು ಇಂದು ಡ್ರೋನಿನ ಕೆಲಸವಾಗಿದೆ. ಕಡ್ಡಿ ಹಿಡಿದು ಮಾದರಿ ವಿಮಾನ ಇಳಿಸಿದ ಕೈ ಅಲ್ಲಿ ಬೇಗ ಪಳಗುತ್ತದೆ. 2021ರ ಡ್ರೋನ್ ನಿಯಮಗಳು ರಿಮೋಟ್ ಪೈಲಟ್ ಆಗುವವನಿಂದ ಕೇಳಿದ ಓದು ಎಷ್ಟು ಗೊತ್ತೇ? ಹತ್ತನೇ ತರಗತಿ ಪಾಸು. ಅಂದರೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನೂ ಹುಡುಗಿಯೂ ಅರ್ಹರು. ಕಾನೂನು ತೆರೆದಿಟ್ಟ ಬಾಗಿಲನ್ನು ಭಾಷೆ ಮುಚ್ಚುತ್ತದೆ. ಇದನ್ನು ಸಂಬಂಧ ಎನ್ನದೆ ಇನ್ನೇನು ಎನ್ನಬೇಕು?

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ವಿಮಾನ ಏರಿಸುವುದು ದೊಡ್ಡ ವಿದ್ಯೆಯಲ್ಲ. ಪೂರ್ತಿ ಥ್ರಾಟಲ್ ಕೊಟ್ಟು ಗಾಳಿಗೆ ಎದುರಾಗಿ ಬಿಟ್ಟರೆ ಟ್ರೈನರ್ ವಿಮಾನ ಹೆಚ್ಚುಕಡಿಮೆ ತಾನಾಗಿಯೇ ಏರುತ್ತದೆ. ಮೇಲೆ ತಪ್ಪಿದರೆ ತಿದ್ದಿಕೊಳ್ಳಲು ಜಾಗವಿದೆ, ಸಮಯವಿದೆ. ಇಳಿಸುವಾಗ ಎರಡೂ ಇಲ್ಲ. ಕೊನೆಯ ಐದಾರು ಸೆಕೆಂಡಿನಲ್ಲಿ ಪಕ್ಕದಲ್ಲಿ ನಿಂತವನ ಮಾತು ಕಿವಿಯಿಂದ ನೇರವಾಗಿ ಹೆಬ್ಬೆರಳಿಗೆ ಇಳಿಯಬೇಕು. ನಡುವೆ ತರ್ಜುಮೆ ಮಾಡುತ್ತ ಕೂರುವಂತಿಲ್ಲ. ನೆಲ ಯಾರಿಗೂ ಕಾಯುವುದಿಲ್ಲ.

ಕಣ್ಣಾರೆ ಕಂಡದ್ದು ಹೇಳುತ್ತೇನೆ. ಊರಾಚೆಯ ಒಂದು ಮೈದಾನ, ಹೆಸರು ಬೇಡ. ಒಬ್ಬ ಹುಡುಗನ ವಿಮಾನ ಇಳಿಯುತ್ತಿತ್ತು. ಎತ್ತರ ಕಡಿಮೆ, ಪಟ್ಟಿ ಇನ್ನೂ ದೂರ. ಕಲಿಸುವವರು ‘ಡೋಂಟ್ ಸ್ಟ್ರೆಚ್ ದ ಗ್ಲೈಡ್!’ ಎಂದು ಕೂಗಿದರು. ಹುಡುಗನಿಗೆ ಸ್ಟ್ರೆಚ್ ಗೊತ್ತು, ಗ್ಲೈಡ್ ಗೊತ್ತು. ಎರಡೂ ಕೂಡಿ ಏನಾಯಿತೆಂದು ಗೊತ್ತಿಲ್ಲ. ಸ್ಟ್ರೆಚ್ ಎಂದರೆ ಎಳೆಯುವುದು ತಾನೇ? ಎಳೆದ! ಮೂಗು ಮೇಲೆದ್ದಿತು, ವೇಗ ಸತ್ತಿತು, ಎಡರೆಕ್ಕೆ ಕುಸಿಯಿತು, ಆರು ತಿಂಗಳು ಕೂಡಿಟ್ಟ ದುಡ್ಡು ಮಣ್ಣಿಗೆ ಮೂಗು ತೂರಿತು. ‘ಕಡ್ಡಿ ಎಳೀಬೇಡ ತಮ್ಮಾ, ಥ್ರಾಟಲ್ ಕೊಡು’ ಎಂದಿದ್ದರೆ ಅದು ಉಳಿಯುತ್ತಿತ್ತು. ಹುಡುಗನನ್ನು ದಡ್ಡ ಎಂದರು. ದಡ್ಡ ಯಾರು? ನೀವೇ ಹೇಳಿ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗದು ಎನ್ನುವ ಮಹಾಶಯರು ಸ್ವಲ್ಪ ಕಿವಿಗೊಡಲಿ. ಇಗೋ ಪಾಠ.

ಮೊದಲು ಗಾಳಿ ನೋಡು. ಒಂದು ಹಿಡಿ ಒಣಹುಲ್ಲು ತೂರು, ಅದು ಹೋದ ಕಡೆಯಿಂದ ಈ ಕಡೆಗೆ ವಿಮಾನ ಇಳಿಯಬೇಕು, ಅಂದರೆ ಗಾಳಿಗೆ ಎದುರಾಗಿ. ಕೆರೆಯಂಗಳದ ಕೊಕ್ಕರೆಗೆ ಇದು ಗೊತ್ತು, ಅದಕ್ಕೆ ಯಾರೂ ಇಂಗ್ಲಿಷ್ ಕಲಿಸಿಲ್ಲ. ಎದುರುಗಾಳಿಯಲ್ಲಿ ರೆಕ್ಕೆಗೆ ಬೇಕಾದ ಗಾಳಿ ಸಿಗುತ್ತದೆ, ನೆಲದ ಮೇಲಿನ ಓಟ ಕಡಿಮೆಯಾಗುತ್ತದೆ.

ಸೀದಾ ಪಟ್ಟಿಯ ಮೇಲೆ ಬಂದು ಬೀಳಬೇಡ. ಗಾಳಿಯ ಜೊತೆ ಒಂದು ಓಟ, ಆಮೇಲೆ ಅಡ್ಡ ಒಂದು ಓಟ, ಆಮೇಲೆ ಗಾಳಿಗೆದುರು ತಿರುಗಿ ಕೊನೆಯ ಓಟ. ಪ್ರತಿ ಸಲವೂ ಅದೇ ದಾರಿ, ಅದೇ ಎತ್ತರ. ದಾರಿ ಒಂದೇ ಆದರೆ ತಪ್ಪು ಎಲ್ಲಿ ಎಂದು ತಾನೇ ಕಾಣುತ್ತದೆ.

ಕೊನೆಯ ಓಟದಲ್ಲಿ ಒಂದು ಮಾತು ಮರೆಯಬೇಡ. ಎತ್ತರಕ್ಕೆ ಥ್ರಾಟಲ್, ವೇಗಕ್ಕೆ ಎಲಿವೇಟರ್. ವಿಮಾನ ಪಟ್ಟಿಗೆ ಮುಟ್ಟುವುದಿಲ್ಲ ಅನಿಸಿದರೆ ಮೂಗು ಎತ್ತಬೇಡ, ಥ್ರಾಟಲ್ ಸ್ವಲ್ಪ ಏರಿಸು. ಎತ್ತರ ಹೆಚ್ಚಾಯಿತೇ? ಥ್ರಾಟಲ್ ಇಳಿಸು. ವೇಗವಿಲ್ಲದೆ ಮೂಗೆತ್ತಿದರೆ ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತದೆ, ಅದೇ ಸ್ಟಾಲ್. ಅದು ಹೇಗಿರುತ್ತದೆ ಎಂದು ನೂರೈವತ್ತು ಅಡಿ ಮೇಲೆ ಮಾಡಿ ನೋಡು, ಹತ್ತಡಿಯಲ್ಲಿ ಕಲಿಯಲು ಹೋಗಬೇಡ.

ವಿಮಾನ ನಿನ್ನ ಕಡೆಗೇ ಬರುವಾಗ ಎಡ ಬಲ ಅದಲು ಬದಲಾಗುತ್ತದೆ. ತಲೆ ಕೆಡಿಸಿಕೊಳ್ಳಬೇಡ. ಯಾವ ರೆಕ್ಕೆ ತಗ್ಗಿದೆಯೋ ಕಡ್ಡಿಯನ್ನು ಆ ಕಡೆಗೇ ತಳ್ಳು, ಬೀಳುವ ಗೋಡೆಗೆ ಊರೆ ಕೊಟ್ಟ ಹಾಗೆ. ರೆಕ್ಕೆ ಸಮವಾಗುತ್ತದೆ.

ಮೊಣಕಾಲೆತ್ತರಕ್ಕೆ ಬಂದಾಗ ಥ್ರಾಟಲ್ ಪೂರ್ತಿ ಇಳಿಸು. ಈಗ ಎಲಿವೇಟರನ್ನು ಮೆಲ್ಲಗೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಳೆ. ಹಿಂದಿನ ಎರಡು ಗಾಲಿ ಮೊದಲು ನೆಲ ಮುಟ್ಟಲಿ, ಮೂಗಿನ ಗಾಲಿ ಆಮೇಲೆ. ಸರಿ ಬರಲಿಲ್ಲವೇ? ಪೂರ್ತಿ ಥ್ರಾಟಲ್ ಕೊಟ್ಟು ನೇರ ಏರಿಸು, ಇನ್ನೊಂದು ಸುತ್ತು ಬಾ. ಇದರಲ್ಲಿ ಅವಮಾನವಿಲ್ಲ. ದೊಡ್ಡ ವಿಮಾನದ ಪೈಲಟ್ಟುಗಳೂ ಹೀಗೇ ಮಾಡುತ್ತಾರೆ. ಅದಕ್ಕೇ ಬ್ಯಾಟರಿ ಮುಗಿಯುವ ತನಕ ಹಾರಿಸಬೇಡ, ಮೂರು ನಾಲ್ಕು ಸುತ್ತಿಗಾಗುವಷ್ಟು ಉಳಿಸಿಕೊಂಡೇ ಇಳಿಸಲು ಶುರುಮಾಡು.

ಮುಗಿಯಿತು. ಇದರಲ್ಲಿ ಯಾವ ಮಾತು ಕನ್ನಡಕ್ಕೆ ಭಾರವಾಯಿತು?

ಇನ್ನೊಂದು ಬಗೆಯ ಶತ್ರುಗಳಿದ್ದಾರೆ, ಅವರು ನಮ್ಮೊಳಗೇ ಇದ್ದಾರೆ. ಕನ್ನಡದಲ್ಲಿ ಹೇಳಿ ಎಂದೊಡನೆ ಥ್ರಾಟಲ್ಲಿಗೊಂದು, ಎಲಿವೇಟರಿಗೊಂದು ಬಾಯಿ ತುಂಬ ಸಂಸ್ಕೃತ ಪದ ಹೊಸೆಯಲು ಕೂರುವ ಪಂಡಿತರು. ಅಚ್ಚಿನ ಮನೆ ನಡೆಸುವ ನನಗೆ ಇಂಥ ಪದಗಳ ಗತಿ ಚೆನ್ನಾಗಿ ಗೊತ್ತು. ಅಕ್ಷರ ಕೂಡಿಸುವ ಹುಡುಗ ಅರ್ಥ ಕೇಳುತ್ತಾನೆ, ಕರಡು ತಿದ್ದುವವರು ಬರೆದವರನ್ನು ಕೇಳುತ್ತಾರೆ, ಪುಸ್ತಕ ಗೋದಾಮಿನಲ್ಲಿ ಗೆದ್ದಲಿನ ಪಾಲಾಗುತ್ತದೆ.

ಪಂಡಿತರೇ, ಗ್ಯಾರೇಜಿಗೆ ಹೋಗಿ ಕಲಿಯಿರಿ. ‘ಕ್ಲಚ್ ಮೆಲ್ಲಗೆ ಬಿಡು, ಗೇರ್ ಹಾಕು’ ಎನ್ನುತ್ತಾನೆ ನಮ್ಮ ಮೆಕ್ಯಾನಿಕ್. ಕ್ಲಚ್ ಪರದೇಶದ್ದು, ‘ಮೆಲ್ಲಗೆ ಬಿಡು’ ನಮ್ಮದು. ಕೆಲಸ ನಡೆಯುವುದು ಎರಡನೆಯದರಿಂದ. ಲಾರಿ ಹಿಂದಕ್ಕೆ ಬರುವಾಗ ಕ್ಲೀನರ್ ಹುಡುಗ ‘ಬರ್ಲಿ, ಬರ್ಲಿ, ಎಡಕ್ಕೆ ಒಡಿ, ಸಾಕು’ ಎನ್ನುತ್ತಾನೆ. ಹತ್ತು ಟನ್ನಿನ ಗಾಡಿ ಗೋಡೆಗೆ ಗೇಣು ದೂರದಲ್ಲಿ ನಿಲ್ಲುತ್ತದೆ. ಹೆಸರುಪದ ಯಾರದಾದರೂ ಇರಲಿ, ಕ್ರಿಯಾಪದ ನಮ್ಮದಿರಲಿ. ಎಳೆ, ಬಿಡು, ಏರಿಸು, ತಗ್ಗಿಸು, ತಡಿ. ವಿಮಾನ ಇಳಿಸಲು ಇಷ್ಟು ಕನ್ನಡ ಸಾಕು. ಇಷ್ಟೂ ಕೊಡದಿದ್ದರೆ ಅದಕ್ಕೆ ನಿರಭಿಮಾನವೆಂದೇ ಹೆಸರು.

ಕಾನೂನಿನ ವಿಷಯ ಕೇಳಿ. ಡ್ರೋನ್ ನಿಯಮಗಳು 2021ರ ಆಗಸ್ಟಿನಲ್ಲಿ ಕೇಂದ್ರದ ಗೆಜೆಟ್ಟಿನಲ್ಲಿ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಪ್ರಕಟವಾದವು. ಮನರಂಜನೆಗೆ ಹಾರಿಸುವ ಮಾದರಿ ವಿಮಾನವೂ ಅವುಗಳ ವ್ಯಾಪ್ತಿಗೆ ಬಂತು. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಹಂಚಿದರು. ಕೆಂಪಿನಲ್ಲಿ ಕೇಂದ್ರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ಸುತ್ತಲೂ ರನ್‌ವೇ ಇರುವ ಊರು ನಮ್ಮದು. ಇಲ್ಲಿಯ ಹುಡುಗನಿಗೆ ಈ ನಕ್ಷೆ ಅರ್ಥವಾಗಬೇಡವೇ? ಹುಡುಗ ತಪ್ಪಿದರೆ ಪೊಲೀಸರು ಕನ್ನಡದಲ್ಲೇ ಬೈಯುತ್ತಾರೆ. ದಂಡಕ್ಕೆ ಕನ್ನಡ, ತಿಳಿವಳಿಕೆಗೆ ಹಿಂದಿ, ಇಂಗ್ಲಿಷ್! ಕನ್ನಡ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವುದು ಅಲಂಕಾರಕ್ಕೇನು?

ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಕಲಿಯಿರಿ. ಆದರೆ ಇಂಗ್ಲಿಷ್ ಬಾರದವನನ್ನು ಬೇಲಿಯಾಚೆ ನಿಲ್ಲಿಸಿ ಚಪ್ಪಾಳೆ ತಟ್ಟಿಸುವ ವ್ಯವಸ್ಥೆಯನ್ನು ಒಪ್ಪಬೇಡಿ. ಏರೋ ಇಂಡಿಯಾಕ್ಕೆ ಬಂದು ಕತ್ತೆತ್ತಿ ನೋಡಿ ಹೋಗುವುದಷ್ಟೇ ಕನ್ನಡಿಗನ ಪಾಲೇ?

ಆದ್ದರಿಂದ ಕೆಲಸ ಇಷ್ಟು. ಕಲಿಯುವವರೇ, ಮೈದಾನದಲ್ಲಿ ‘ಸಾರ್, ಕನ್ನಡದಲ್ಲಿ ಹೇಳಿ’ ಎಂದು ನಾಚಿಕೆಯಿಲ್ಲದೆ ಕೇಳಿ. ಕಲಿಸುವವರೇ, ಎರಡು ರಿಮೋಟುಗಳನ್ನು ಜೋಡಿಸಿ ಶಿಷ್ಯನ ಕೈಯಿಂದ ವಿಮಾನವನ್ನು ವಾಪಸು ಪಡೆಯುವ ಸ್ವಿಚ್ಚು ನಿಮ್ಮಲ್ಲಿದೆ. ಆ ಸ್ವಿಚ್ಚು ಒತ್ತುವ ಮೊದಲು ಒಂದು ಕನ್ನಡ ಮಾತು ಹೇಳಿ ನೋಡಿ. ಕನ್ನಡ ಸಂಘಗಳೇ, ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ಇತ್ತ ತಿರುಗಿಸಿ. ಮೇಲಿನ ಪಾಠ ಒಂದು ಹಾಳೆಯ ಎರಡು ಮಗ್ಗುಲಿಗೆ ಹಿಡಿಸುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿಸಲು ಶಾಮಿಯಾನದ ಬಾಡಿಗೆಯಷ್ಟೂ ಆಗದು, ನನ್ನ ಕಸುಬಿನ ಮೇಲೆ ಆಣೆಯಿಟ್ಟು ಹೇಳುತ್ತೇನೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಪತ್ರ ಬರೆಯಿರಿ: ನಿಯಮಗಳು ಓದುವಂಥ ಕನ್ನಡದಲ್ಲಿ ಸಿಗಲಿ, ಡ್ರೋನ್ ತರಬೇತಿ ಕೇಂದ್ರಗಳಲ್ಲಿ ಪಾಠ, ಪರೀಕ್ಷೆ ಎರಡೂ ಕನ್ನಡದಲ್ಲಿ ನಡೆಯಲಿ ಎಂದು. ಉತ್ತರ ಬಾರದಿದ್ದರೆ ಇನ್ನೊಂದು ಬರೆಯಿರಿ. ಅದಕ್ಕೂ ಬಾರದಿದ್ದರೆ ಬಾಗಿಲಲ್ಲಿ ಹೋಗಿ ಕೂರಿ.

ಮುಂದಿನ ಭಾನುವಾರ ಮೈದಾನದಲ್ಲಿ ಯಾರದಾದರೂ ವಿಮಾನ ಮೂಗೆತ್ತಿ ತಡವರಿಸುವುದು ಕಂಡರೆ ಸುಮ್ಮನಿರಬೇಡಿ. ‘ಎಳೀಬೇಡ ತಮ್ಮಾ, ಥ್ರಾಟಲ್ ಕೊಡು’ ಎಂದು ಗಂಟಲು ಬಿಟ್ಟು ಕೂಗಿ. ಮೈದಾನಕ್ಕೆಲ್ಲ ಕೇಳಿಸಲಿ!