ಡೇಟಾಕ್ಕೂ ಬೇಕು ಒಬ್ಬ ಗ್ರಂಥಪಾಲಕ

ಪದವಿ ಮುಗಿಸಿದ ಮಕ್ಕಳನ್ನು ಮುಂದೇನು ಎಂದು ಕೇಳಿದರೆ ಈಗ ಮೊದಲು ಬರುವ ಉತ್ತರ ‘ಡೇಟಾ ಸೈನ್ಸ್’. ಹುಬ್ಬಳ್ಳಿ, ದಾವಣಗೆರೆಯಿಂದ ಹಿಡಿದು ನಾನಿರುವ ಪುಣೆಯವರೆಗೆ ಇದೇ ಮಾತು. ಎಂ.ಎಸ್ಸಿ, ಎಂ.ಟೆಕ್, ಎಂ.ಬಿ.ಎ ಎಂದು ನಾನಾ ಹೆಸರಿನಲ್ಲಿ ಕೋರ್ಸುಗಳು ಬಂದಿವೆ. 2024ರಿಂದ ಗೇಟ್ ಪರೀಕ್ಷೆಯಲ್ಲೂ ಇದಕ್ಕೆ ಪ್ರತ್ಯೇಕ ಪತ್ರಿಕೆಯಿದೆ. ಮಕ್ಕಳು ಓದಲಿ, ಬೇಡವೆನ್ನಲಾರೆ. ನನ್ನ ತಕರಾರು ಒಂದೇ: ಈ ಓದಿನಲ್ಲಿ ಅರ್ಧ ಪಾಠ ಬಿಟ್ಟುಹೋಗುತ್ತಿದೆ. ಮಾಹಿತಿಯಿಂದ ಲೆಕ್ಕ ತೆಗೆಯುವುದನ್ನು ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಮಾಹಿತಿಯನ್ನು ಲೆಕ್ಕಕ್ಕೆ ಸಿಗುವಂತೆ ಜೋಡಿಸಿಡುವುದನ್ನು, ಅಂದರೆ ಮಾಹಿತಿ ನಿರ್ವಹಣೆಯನ್ನು, ಒಂದೆರಡು ತರಗತಿಯಲ್ಲಿ ಮುಗಿಸಿಬಿಡುತ್ತಾರೆ.

ನಾನು ಧಾರವಾಡದಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದವನು. ಹದಿನಾಲ್ಕು ವರ್ಷಗಳಿಂದ ಪುಣೆಯ ವಿಮಾ ಕಂಪನಿಯೊಂದರ ಡೇಟಾ ವಿಭಾಗದಲ್ಲಿದ್ದೇನೆ. ‘ಲೈಬ್ರರಿ ಓದಿದವರಿಗೆ ಇಲ್ಲೇನು ಕೆಲಸ ಸರ್?’ ಎಂದು ಹೊಸದಾಗಿ ಸೇರಿದವರು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಮಹಾರಾಷ್ಟ್ರದ ಅರ್ಜಿ ನಮೂನೆಗಳಲ್ಲಿ ಹೆಸರಿಗೆ ಮೂರು ಖಾನೆ: ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು. ಬೆಳಗಾವಿ, ವಿಜಯಪುರದ ಕಡೆಯವರ ಹೆಸರು ಇದರಲ್ಲಿ ಸಲೀಸಾಗಿ ಕೂರುತ್ತದೆ. ತುಮಕೂರು, ಹಾಸನದ ಕಡೆಯ ಅನೇಕರದು ಕೂರುವುದಿಲ್ಲ. ಅವರಿಗೆ ಇನಿಷಿಯಲ್ ಉಂಟು, ಅಡ್ಡಹೆಸರಿಲ್ಲ. ತುಂಬಲೇಬೇಕಾದ ಕೊನೆಯ ಖಾನೆಗೆ ಒಬ್ಬ ಏಜೆಂಟ್ ಊರಿನ ಹೆಸರು ಬರೆಯುತ್ತಾನೆ, ಇನ್ನೊಬ್ಬ ತಂದೆಯ ಹೆಸರು, ಮತ್ತೊಬ್ಬ ಬರೀ ಒಂದು ಚುಕ್ಕಿ ಇಡುತ್ತಾನೆ. ಇದರ ಮೇಲೆ ಇಂಗ್ಲಿಷ್ ಸ್ಪೆಲಿಂಗಿನ ಕಾಟ. ‘ತ’ಕ್ಕೆ ಒಬ್ಬರು ‘ಟಿ’ ಹಾಕಿದರೆ ಇನ್ನೊಬ್ಬರು ‘ಟಿಎಚ್’ ಹಾಕುತ್ತಾರೆ. ಮನುಷ್ಯ ಒಬ್ಬನೇ, ಕಂಪ್ಯೂಟರಿನಲ್ಲಿ ನಾಲ್ವರು.

ಇದು ತಮಾಷೆಯಲ್ಲ. ಪಾಲಿಸಿಯಲ್ಲಿ ಇನಿಷಿಯಲ್, ಮರಣ ಪ್ರಮಾಣಪತ್ರದಲ್ಲಿ ಪೂರ್ತಿ ಹೆಸರು, ನಾಮಿನಿಯ ಜಾಗದಲ್ಲಿ ಹೆಂಡತಿಯ ಮದುವೆಗೆ ಮುಂಚಿನ ಹೆಸರು ಇದ್ದ ಒಂದು ಕ್ಲೇಮು ನಮ್ಮಲ್ಲಿ ನಾಲ್ಕು ತಿಂಗಳು ನಿಂತಿತ್ತು. ಹೆಸರು ಹೊಂದಿಸುವ ಪ್ರೋಗ್ರಾಂ ‘ಬೇರೆ ಬೇರೆ ವ್ಯಕ್ತಿಗಳು’ ಎಂದು ಪಕ್ಕಕ್ಕೆ ಸರಿಸಿತ್ತು. ಪ್ರೋಗ್ರಾಂ ಬರೆದವರು ಬುದ್ಧಿವಂತರೇ. ಆದರೆ ನಮ್ಮ ಕಡೆ ಹೆಸರು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ಮಕ್ಕಳ ಶಾಲೆಯ ಫೀಸು ಆ ಹಣಕ್ಕೆ ಕಾದು ಕೂತಿತ್ತು.

ಗ್ರಂಥಾಲಯದವರಿಗೆ ಈ ಕಗ್ಗಂಟು ಹೊಸದಲ್ಲ. ಓದುಗನೊಬ್ಬ ಕುವೆಂಪು ಎಂದು ಹುಡುಕಲಿ, ಕೆ.ವಿ. ಪುಟ್ಟಪ್ಪ ಎಂದು ಹುಡುಕಲಿ, ಅದೇ ಪುಸ್ತಕಗಳು ಸಿಗಬೇಕು. ಅಂಬಿಕಾತನಯದತ್ತ ಎಂದರೆ ಬೇಂದ್ರೆ, ಕತೆಗಾರ ‘ಶ್ರೀನಿವಾಸ’ ಎಂದರೆ ಮಾಸ್ತಿ. ಇದಕ್ಕಾಗಿ ಸೂಚಿ ತಯಾರಿಸುವವರು ಒಂದು ಹೆಸರನ್ನು ಅಧಿಕೃತವೆಂದು ಇಟ್ಟುಕೊಂಡು, ಉಳಿದವನ್ನೆಲ್ಲ ‘ಇಲ್ಲಿ ನೋಡಿ’ ಎಂದು ಅದಕ್ಕೆ ಜೋಡಿಸುತ್ತಾರೆ. ಇದೇ ಕೆಲಸಕ್ಕೆ ಇಂದು ಕಂಪನಿಗಳು ‘ಮಾಸ್ಟರ್ ಡೇಟಾ’ ಎಂದು ಹೆಸರಿಟ್ಟು ದೊಡ್ಡ ಮೊತ್ತ ಖರ್ಚು ಮಾಡುತ್ತಿವೆ.

ಈ ವಿದ್ಯೆಯ ದೊಡ್ಡ ಗುರು ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ತಮಿಳುನಾಡಿನ ಶೀರ್ಕಾಳಿಯಲ್ಲಿ 1892ರಲ್ಲಿ ಹುಟ್ಟಿದ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1933ರಲ್ಲಿ ಅವರು ಪ್ರಕಟಿಸಿದ ಕೋಲನ್ ವರ್ಗೀಕರಣ ಪದ್ಧತಿ, ಒಂದು ವಿಷಯವನ್ನು ಒಂದೇ ಗೂಡಿಗೆ ತುರುಕದೆ ಹಲವು ಮುಖಗಳಿಂದ ಗುರುತಿಸಿತು. ಇಂದು ಆನ್‌ಲೈನಿನಲ್ಲಿ ಸೀರೆ ಕೊಳ್ಳುವಾಗ ಬಣ್ಣ, ಬೆಲೆ, ಬಟ್ಟೆ ಎಂದು ಒಂದೊಂದಾಗಿ ಆರಿಸುತ್ತ ಹೋಗುತ್ತೇವಲ್ಲ, ಅದರ ಹಿಂದಿರುವುದು ಇದೇ ಬಗೆಯ ಯೋಚನೆ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಡಿ.ಆರ್.ಟಿ.ಸಿ. ಎಂಬ ಕೇಂದ್ರ ಸ್ಥಾಪಿಸಿದರು. ಸಂಖ್ಯಾಶಾಸ್ತ್ರ ಮತ್ತು ಗ್ರಂಥಾಲಯ ವಿಜ್ಞಾನ ಒಂದೇ ಸೂರಿನಡಿ ಸೇರಿದ್ದು ಹೀಗೆ, ಡೇಟಾ ಸೈನ್ಸ್ ಎಂಬ ಮಾತು ಜನರ ಬಾಯಿಗೆ ಬರುವುದಕ್ಕೆ ಎಷ್ಟೋ ಮುಂಚೆ.

ಅಮೆರಿಕದಲ್ಲಿ ಈ ಬದಲಾವಣೆ 1990ರ ದಶಕದಲ್ಲಿ ಆಯಿತು. ಬರ್ಕ್ಲಿ, ಮಿಷಿಗನ್ ವಿಶ್ವವಿದ್ಯಾಲಯಗಳು ತಮ್ಮ ಗ್ರಂಥಾಲಯ ಶಾಲೆಗಳನ್ನೇ ಮಾಹಿತಿ ಶಾಲೆಗಳಾಗಿ ಬದಲಿಸಿದವು. ನಮ್ಮ ಮಕ್ಕಳು ಸಾಲ ಮಾಡಿ ಇಂಥ ಕಡೆ ಮಾಹಿತಿ ನಿರ್ವಹಣೆ ಓದಲು ಹೋಗುತ್ತಾರೆ. ಆದರೆ ಮೈಸೂರು, ಧಾರವಾಡ, ಕಲಬುರಗಿ, ಶಂಕರಘಟ್ಟ, ಮಂಗಳೂರಿನ ವಿಶ್ವವಿದ್ಯಾಲಯಗಳಲ್ಲಿರುವ ಗ್ರಂಥಾಲಯ ವಿಜ್ಞಾನ ವಿಭಾಗಗಳನ್ನು ತಿರುಗಿಯೂ ನೋಡುವುದಿಲ್ಲ. ತಪ್ಪು ಮಕ್ಕಳದಲ್ಲ. ‘ಲೈಬ್ರರಿ’ ಎಂದರೆ ಪುಸ್ತಕಕ್ಕೆ ಮೊಹರು ಹೊಡೆಯುವ ಕೆಲಸ ಎಂಬ ಭಾವನೆಯನ್ನು ಬಿಡಿಸಲು ಆ ವಿಭಾಗಗಳೂ ಸಾಕಷ್ಟು ಪ್ರಯತ್ನಪಟ್ಟಿಲ್ಲ.

‘ಎಐ ಬಂದಿದೆ, ಜೋಡಿಸಿಡುವ ಕೆಲಸ ಅದೇ ಮಾಡುತ್ತದೆ’ ಎನ್ನುವವರಿದ್ದಾರೆ. ನನ್ನ ಅನುಭವ ಬೇರೆ. ಕಚೇರಿಯ ಸುತ್ತೋಲೆಗಳನ್ನೆಲ್ಲ ಎಐಗೆ ಕೊಟ್ಟು ಪ್ರಶ್ನೆ ಕೇಳಿದರೆ, ರದ್ದಾದ ಸುತ್ತೋಲೆಯಿಂದಲೂ ಅದು ಅಷ್ಟೇ ಧೈರ್ಯವಾಗಿ ಉತ್ತರ ಕೊಡುತ್ತದೆ. ಯಾವುದು ರದ್ದಾಗಿದೆ, ಯಾವುದು ಚಾಲ್ತಿಯಲ್ಲಿದೆ ಎಂದು ಯಾರಾದರೂ ಗುರುತು ಹಾಕಿರಬೇಕು. ಕನ್ನಡದ ಕಡತಗಳದ್ದು ಇನ್ನೂ ಒಂದು ತೊಡಕು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಪುಟಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವನ್ನು ಪರಿವರ್ತಿಸಿ, ತಾಳೆ ನೋಡಿ, ಇಸವಿ ಇಲಾಖೆ ನಮೂದಿಸುವವರೆಗೆ ಯಾವ ಯಂತ್ರಕ್ಕೂ ಅವು ಉಪಯೋಗವಿಲ್ಲ.

‘ಸಂಬಳ?’ ಎಂದು ಪಾಲಕರು ಕೇಳುವುದು ಸಹಜ. ನಾನು ಕಂಡಂತೆ ಆರಂಭದಲ್ಲಿ ಮಾಡೆಲ್ ಕಟ್ಟುವವರಿಗೇ ಹೆಚ್ಚು. ಆದರೆ ಈ ಕಡೆಯ ಬೇಡಿಕೆಗೆ ಈಗ ಕಾನೂನಿನ ಬಲವೂ ಸೇರಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಬ್ಬರ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಬಳಸುವ ಮಾಹಿತಿ ಪೂರ್ಣವಾಗಿ, ನಿಖರವಾಗಿ ಇರಬೇಕು. ತಪ್ಪಿದ್ದರೆ ತಿದ್ದಿಸುವ ಹಕ್ಕು ಆ ವ್ಯಕ್ತಿಗಿದೆ. ಯಾವ ಮಾಹಿತಿ ಎಲ್ಲಿದೆ, ಎಲ್ಲಿಂದ ಬಂತು ಎಂದೇ ಗೊತ್ತಿಲ್ಲದ ಕಂಪನಿ ಇದನ್ನು ಪಾಲಿಸುವುದು ಹೇಗೆ?

ಸರ್ಕಾರದ ಮಾತೂ ಅಷ್ಟೇ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಕರ್ನಾಟಕ ದೇಶಕ್ಕೇ ದಾರಿ ತೋರಿತು. ಪಹಣಿಯಲ್ಲಿ ಅಪ್ಪನ ಹೆಸರು ಒಂದಕ್ಷರ ತಪ್ಪಿದ್ದರೆ ಎಷ್ಟು ಸಲ ತಾಲ್ಲೂಕು ಕಚೇರಿಗೆ ಅಲೆಯಬೇಕೆಂದು ಹಳ್ಳಿಯವರನ್ನು ಕೇಳಿ. ಹೆಸರು ಸರಿಯಾಗಿ ದಾಖಲಾಗುವುದು ಅವರಿಗೆ ಅನ್ನದ ಪ್ರಶ್ನೆ.

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳು ಹೊಸ ಕಟ್ಟಡ ಕಟ್ಟುವುದು ಬೇಡ. ಒಂದೇ ಆವರಣದಲ್ಲಿರುವ ಗ್ರಂಥಾಲಯ ವಿಜ್ಞಾನ, ಕಂಪ್ಯೂಟರ್ ವಿಜ್ಞಾನ, ಸಂಖ್ಯಾಶಾಸ್ತ್ರ ವಿಭಾಗಗಳು ಸೇರಿ ಒಂದು ಜಂಟಿ ಸ್ನಾತಕೋತ್ತರ ಕೋರ್ಸು ನಡೆಸಲಿ. ಗ್ರಂಥಾಲಯದವರು ಎಸ್‌ಕ್ಯೂಎಲ್, ಪೈಥಾನ್ ಕಲಿಯಲಿ. ಡೇಟಾದವರು ವರ್ಗೀಕರಣ, ಸೂಚೀಕರಣ, ದಾಖಲೆ ನಿರ್ವಹಣೆ ಮತ್ತು ಕಾನೂನನ್ನು ಒಂದು ಪೂರ್ತಿ ಸೆಮಿಸ್ಟರ್ ಓದಲಿ. ಪ್ರಾಜೆಕ್ಟಿಗೆ ವಿದೇಶದ ಸಿದ್ಧ ಅಂಕಿಅಂಶ ಕೊಡುವ ಬದಲು ಹತ್ತಿರದ ಪುರಸಭೆಯ, ಸಹಕಾರ ಸಂಘದ ಹಳೆಯ ಕಡತ ಕೊಡಲಿ.

ಈ ವರ್ಷ ಕೋರ್ಸು ಆರಿಸುವವರಿಗೆ ನನ್ನ ಸಲಹೆ: ಫೀಸು, ಪ್ಲೇಸ್‌ಮೆಂಟ್ ವಿಚಾರಿಸಿದ ಮೇಲೆ ಪಠ್ಯಕ್ರಮವನ್ನೂ ತರಿಸಿ ಓದಿ. ಮೆಟಾಡೇಟಾ, ದತ್ತಾಂಶದ ಗುಣಮಟ್ಟ, ಖಾಸಗಿತನದ ಕಾನೂನು ಇವುಗಳಿಗೆ ಅದರಲ್ಲಿ ಎಷ್ಟು ಗಂಟೆ ಇಟ್ಟಿದ್ದಾರೆ ನೋಡಿ. ಅಸಲಿ, ಕೊಳಕು ಡೇಟಾದ ಮೇಲೆ ಕೆಲಸ ಮಾಡಿಸುತ್ತಾರೆಯೇ ಎಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಬೆಂಗಳೂರಿನ ಡಿ.ಆರ್.ಟಿ.ಸಿ.ಯ ಎರಡು ವರ್ಷದ ಕೋರ್ಸಿಗೆ ಯಾವುದೇ ವಿಷಯದ ಪದವೀಧರರು ಪ್ರವೇಶ ಪರೀಕ್ಷೆ ಬರೆಯಬಹುದು, ಶಿಷ್ಯವೇತನವೂ ಇದೆ. ಲಕ್ಷಗಟ್ಟಲೆ ಸಾಲಕ್ಕೆ ಸಹಿ ಹಾಕುವ ಮುನ್ನ ಆ ಬಾಗಿಲನ್ನೂ ಒಮ್ಮೆ ತಟ್ಟಿ ನೋಡಿ.